ಚಾವಣಿ ಎತ್ತರವಿದ್ದರೆ ದಾಖಲೆಯೂ ಬೇರೆಯೇ? ಒಳಾಂಗಣ ಮಾದರಿ ವಿಮಾನಗಳ ನ್ಯಾಯದ ಲೆಕ್ಕ

“ದಾಖಲೆ ಅಂದರೆ ದಾಖಲೆ. ಯಾರು ಹೆಚ್ಚು ಹೊತ್ತು ಹಾರಿಸಿದರೋ ಅವರೇ ಮೊದಲು. ಅದರಲ್ಲಿ ಚರ್ಚೆ ಮಾಡಲು ಏನಿದೆ?” ಯಾವುದೇ ಕ್ರೀಡೆಯ ಬಗ್ಗೆ ಮಾತು ಬಂದಾಗ ನಮ್ಮಲ್ಲಿ ಹೆಚ್ಚಿನವರು ಹೀಗೇ ಯೋಚಿಸುತ್ತೇವೆ. ದಾಖಲೆ ಎಂಬುದು ಒಂದು ಸಂಖ್ಯೆ, ದೊಡ್ಡ ಸಂಖ್ಯೆ ಗೆಲ್ಲುತ್ತದೆ, ಅಲ್ಲಿಗೆ ಮುಗಿಯಿತು.

ಈಗ ಒಂದು ಉದಾಹರಣೆ ನೋಡೋಣ. ರಬ್ಬರ್ ಪಟ್ಟಿಯನ್ನು ತಿರುಚಿ ಹಾರಿಸುವ ಒಂದು ಪುಟ್ಟ ವಿಮಾನ ಇದೆ ಎಂದುಕೊಳ್ಳಿ. ಅದನ್ನು ಒಬ್ಬರು ಶಾಲೆಯೊಂದರ ವ್ಯಾಯಾಮ ಶಾಲೆಯಲ್ಲಿ ಹಾರಿಸುತ್ತಾರೆ. ಅಲ್ಲಿನ ಚಾವಣಿ ಏಳು ಮೀಟರ್ ಎತ್ತರದಲ್ಲಿದೆ. ಅದೇ ಅಳತೆಯ, ಅದೇ ತೂಕದ ವಿಮಾನವನ್ನು ಇನ್ನೊಬ್ಬರು ಐವತ್ತು ಮೀಟರ್ ಎತ್ತರದ ಉಪ್ಪಿನ ಗಣಿಯೊಳಗೆ ಹಾರಿಸುತ್ತಾರೆ. ಗಣಿಯಲ್ಲಿ ಹಾರಿದ ವಿಮಾನ ಹೆಚ್ಚು ಹೊತ್ತು ಗಾಳಿಯಲ್ಲಿ ಉಳಿಯುತ್ತದೆ. ಇದರಲ್ಲಿ ಗೆದ್ದವರು ಯಾರು? ಹಾರಿಸಿದವರ ಕೌಶಲವೋ, ಕಟ್ಟಡವೋ?

ಒಳಾಂಗಣ ಮಾದರಿ ವಿಮಾನಗಳ ಕ್ರೀಡೆಯಲ್ಲಿ ಈ ಪ್ರಶ್ನೆ ದಶಕಗಳಿಂದ ಇದೆ. ಚಾವಣಿಯ ಎತ್ತರಕ್ಕೆ ತಕ್ಕಂತೆ ಬೇರೆ ಬೇರೆ ದಾಖಲೆ ಇಡಬೇಕು ಎನ್ನುವವರಿದ್ದಾರೆ. ಹೀಗೆ ವರ್ಗಗಳನ್ನು ಹೆಚ್ಚಿಸುತ್ತಾ ಹೋದರೆ ದಾಖಲೆಗೆ ಬೆಲೆಯೇ ಇರುವುದಿಲ್ಲ ಎನ್ನುವವರೂ ಇದ್ದಾರೆ. ನೋಡಲು ಇದು ಸಣ್ಣ ಹವ್ಯಾಸಿ ಗುಂಪಿನ ಸಣ್ಣ ಜಗಳದಂತೆ ಕಾಣಬಹುದು. ಆದರೆ “ಸಮಾನ ಸ್ಪರ್ಧೆ ಎಂದರೆ ಏನು?” ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಆಟ ಸಿಗುವುದು ಕಷ್ಟ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಇದು ಮಕ್ಕಳ ಆಟಿಕೆಯಲ್ಲವೇ?

ಮೊದಲು ಈ ತಪ್ಪು ತಿಳುವಳಿಕೆಯನ್ನು ಬದಿಗಿಡೋಣ. ರಬ್ಬರ್ ಶಕ್ತಿಯ ಮಾದರಿ ವಿಮಾನದ ಇತಿಹಾಸ ಮನುಷ್ಯ ಹಾರಿದ ವಿಮಾನದ ಇತಿಹಾಸಕ್ಕಿಂತ ಹಳೆಯದು. 1871ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೋ ಪ್ಯಾರಿಸ್‌ನ ಟ್ವಿಲರಿ ಉದ್ಯಾನದಲ್ಲಿ ತಿರುಚಿದ ರಬ್ಬರ್‌ನಿಂದ ನಡೆಯುವ ಪುಟ್ಟ ವಿಮಾನವೊಂದನ್ನು ಹಾರಿಸಿದರು. ಅದು 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರ್ ಸಾಗಿತು. ಪೆನೋ ಅವರ ವಿನ್ಯಾಸವನ್ನೇ ಆಧರಿಸಿದ ರಬ್ಬರ್ ಹೆಲಿಕಾಪ್ಟರ್ ಆಟಿಕೆಯೊಂದನ್ನು 1878ರಲ್ಲಿ ಅಮೆರಿಕದ ಒಬ್ಬ ತಂದೆ ತಮ್ಮ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟರು. ಆ ಹುಡುಗರೇ ವಿಲ್ಬರ್ ಮತ್ತು ಆರ್ವಿಲ್ ರೈಟ್.

ಇಂದಿನ ಒಳಾಂಗಣ ವಿಮಾನಗಳು ಇದೇ ತತ್ವವನ್ನು ಕೊನೆಯ ಮಿತಿಯವರೆಗೆ ಎಳೆದುಕೊಂಡು ಹೋಗಿವೆ. ಈ ಕ್ರೀಡೆಯ ಅತಿ ಪ್ರತಿಷ್ಠಿತ ವರ್ಗದ ಹೆಸರು ಎಫ್1ಡಿ. ನಿಯಮಗಳನ್ನು ರೂಪಿಸುವುದು ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟ, ಅಂದರೆ ಎಫ್‌ಎಐ. 1905ರಲ್ಲಿ ಹುಟ್ಟಿದ ಈ ಸಂಸ್ಥೆ ವಿಮಾನ, ಬಲೂನು, ಗ್ಲೈಡರ್ ಎಲ್ಲದರ ವಿಶ್ವದಾಖಲೆಗಳನ್ನು ನೋಡಿಕೊಳ್ಳುತ್ತದೆ. ಎಫ್1ಡಿ ವಿಮಾನದ ರೆಕ್ಕೆಯ ಅಗಲ 55 ಸೆಂಟಿಮೀಟರ್ ಮೀರುವಂತಿಲ್ಲ. ರಬ್ಬರ್ ಬಿಟ್ಟು ವಿಮಾನದ ತೂಕ ಕನಿಷ್ಠ 1.4 ಗ್ರಾಂ ಇರಬೇಕು. ರಬ್ಬರ್ 0.4 ಗ್ರಾಂ ಮೀರಬಾರದು.

1.4 ಗ್ರಾಂ ಎಂದರೆ ಎಷ್ಟು? ನಿಮ್ಮ ಜೇಬಿನಲ್ಲಿರುವ ಒಂದು ರೂಪಾಯಿ ನಾಣ್ಯದ ಅರ್ಧದಷ್ಟೂ ಇಲ್ಲ. ಅಷ್ಟು ತೂಕದಲ್ಲಿ ನಿಮ್ಮ ಮೊಣಕೈಯಿಂದ ಬೆರಳ ತುದಿಗಿಂತಲೂ ಉದ್ದದ ರೆಕ್ಕೆ, ಬಾಲ, ಪ್ರೊಪೆಲ್ಲರ್ ಎಲ್ಲವೂ ಇರಬೇಕು. ಚೌಕಟ್ಟಿಗೆ ಬಾಲ್ಸಾ ಎಂಬ ಅತಿ ಹಗುರ ಮರ, ಹೊದಿಕೆಗೆ ಮೈಕ್ರಾನ್ ಲೆಕ್ಕದ ದಪ್ಪದ ಪ್ಲಾಸ್ಟಿಕ್ ಪೊರೆ. ಹಿಂದೆ ಈ ಪೊರೆಯನ್ನು ಹವ್ಯಾಸಿಗಳೇ ಮಾಡಿಕೊಳ್ಳುತ್ತಿದ್ದರು: ನೀರಿನ ಮೇಲೆ ಲ್ಯಾಕರ್ ದ್ರಾವಣವನ್ನು ಸುರಿದು, ಅದು ಹರಡಿ ಒಣಗಿದ ಮೇಲೆ ಹಗುರವಾಗಿ ಎತ್ತಿಕೊಳ್ಳುತ್ತಿದ್ದರು. ಇಂಥ ವಿಮಾನ ನಾವು ನಿಧಾನವಾಗಿ ನಡೆಯುವುದಕ್ಕಿಂತಲೂ ನಿಧಾನವಾಗಿ ಹಾರುತ್ತದೆ. ಪ್ರೊಪೆಲ್ಲರ್ ತಿರುಗುವುದನ್ನು ಬರಿಗಣ್ಣಿನಲ್ಲೇ ಎಣಿಸಬಹುದು. ಹತ್ತಿರದಲ್ಲಿ ಯಾರಾದರೂ ಜೋರಾಗಿ ನಡೆದರೂ ಆ ಗಾಳಿಗೆ ಅದು ದಾರಿ ತಪ್ಪುತ್ತದೆ. ಅದಕ್ಕಾಗಿಯೇ ಇದು ಒಳಾಂಗಣದ ಆಟ.

ಸ್ಪರ್ಧೆಯ ಗುರಿ ಒಂದೇ: ಕೈಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೆ ಎಷ್ಟು ಹೊತ್ತು ಹಾರುತ್ತದೆ ಎಂಬುದು. ವೇಗ, ದೂರ, ಅಂದ ಯಾವುದಕ್ಕೂ ಅಂಕವಿಲ್ಲ.

ಚಾವಣಿಗೂ ಹಾರಾಟದ ಹೊತ್ತಿಗೂ ಏನು ಸಂಬಂಧ?

ಇಲ್ಲಿ ರಬ್ಬರ್‌ನ ಸ್ವಭಾವ ಅರ್ಥ ಮಾಡಿಕೊಳ್ಳಬೇಕು. ಸಾವಿರಕ್ಕೂ ಹೆಚ್ಚು ಸುತ್ತು ತಿರುಚಿದ ರಬ್ಬರ್ ಪಟ್ಟಿ ತನ್ನ ಬಲವನ್ನು ಸಮನಾಗಿ ಬಿಟ್ಟುಕೊಡುವುದಿಲ್ಲ. ಮೊದಲ ಕೆಲವು ಸುತ್ತುಗಳಲ್ಲಿ ತಿರುಗಿಸುವ ಬಲ ತುಂಬಾ ಜೋರಾಗಿರುತ್ತದೆ. ನಂತರ ಅದು ಬೇಗ ಇಳಿದು, ಬಹಳ ಹೊತ್ತು ಮಧ್ಯಮ ಬಲದಲ್ಲಿ ಉಳಿದು, ಕೊನೆಯಲ್ಲಿ ಸೋತು ಹೋಗುತ್ತದೆ.

ಹಾರಾಟವೂ ಹಾಗೆಯೇ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲ ಜೋರಿನಲ್ಲಿ ವಿಮಾನ ಸುತ್ತು ಹಾಕುತ್ತಾ ಮೇಲೇರುತ್ತದೆ. ನಡುವಿನ ಬಲದಲ್ಲಿ ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿ ತೇಲುತ್ತದೆ. ಕೊನೆಯ ದುರ್ಬಲ ಸುತ್ತುಗಳಲ್ಲಿ ನಿಧಾನವಾಗಿ ಕೆಳಗಿಳಿಯುತ್ತದೆ.

ಚಾವಣಿ ಎತ್ತರವಿದ್ದರೆ ಈ ಮೂರೂ ಹಂತಗಳು ಉಪಯೋಗಕ್ಕೆ ಬರುತ್ತವೆ. ಮೊದಲ ಜೋರು ಎತ್ತರವಾಗಿ ಬದಲಾಗುತ್ತದೆ. ಎತ್ತರ ಎಂದರೆ ಕೂಡಿಟ್ಟ ಶಕ್ತಿ. ಕೊನೆಯಲ್ಲಿ ರಬ್ಬರ್ ಸೋತಾಗ, ಆ ಎತ್ತರದಿಂದ ಇಳಿಯುವಷ್ಟು ಹೊತ್ತೂ ಹಾರಾಟದ ಲೆಕ್ಕಕ್ಕೆ ಸೇರುತ್ತದೆ. ಇಳಿಯುವಾಗ ಆ ದುರ್ಬಲ ಸುತ್ತುಗಳೂ ವ್ಯರ್ಥವಾಗುವುದಿಲ್ಲ, ಇಳಿಯುವ ವೇಗವನ್ನು ಕಡಿಮೆ ಮಾಡುತ್ತವೆ.

ಚಾವಣಿ ತಗ್ಗಿದ್ದರೆ ಎರಡೂ ತುದಿಯಲ್ಲಿ ನಷ್ಟ. ಪೂರ್ತಿ ತಿರುಚಿ ಬಿಟ್ಟರೆ ವಿಮಾನ ಮೇಲಿನ ತೊಲೆಗೆ ಬಡಿಯುತ್ತದೆ, ಇಲ್ಲವೇ ಸಿಕ್ಕಿಹಾಕಿಕೊಂಡು ಅಲ್ಲೇ ನೇತಾಡುತ್ತದೆ. ಹಾಗಾಗಿ ಅನುಭವಿಗಳು ರಬ್ಬರನ್ನು ಪೂರ್ತಿ ತಿರುಚಿ, ಆಮೇಲೆ ಒಂದಷ್ಟು ಸುತ್ತನ್ನು ಹಿಂದಕ್ಕೆ ಬಿಚ್ಚಿಬಿಡುತ್ತಾರೆ. ಅಂದರೆ ಕಷ್ಟಪಟ್ಟು ತುಂಬಿದ ಶಕ್ತಿಯ ಒಂದು ಭಾಗವನ್ನು ಹಾರುವ ಮೊದಲೇ ಚೆಲ್ಲುತ್ತಾರೆ. ಇನ್ನೊಂದು ತುದಿಯಲ್ಲಿ, ಇಳಿಯಲು ಕೆಲವೇ ಮೀಟರ್ ಇರುವುದರಿಂದ ರಬ್ಬರ್‌ನಲ್ಲಿ ಸುತ್ತುಗಳು ಉಳಿದಿರುವಾಗಲೇ ವಿಮಾನ ನೆಲ ಮುಟ್ಟಿಬಿಡುತ್ತದೆ.

ಇದು ಎಷ್ಟು ದೊಡ್ಡ ವ್ಯತ್ಯಾಸ? ಶಾಲೆಯಲ್ಲಿ ಕಲಿತ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ರಬ್ಬರ್ ಸೇರಿ ವಿಮಾನದ ತೂಕ 1.8 ಗ್ರಾಂ ಎಂದಿಟ್ಟುಕೊಳ್ಳೋಣ. ಅದನ್ನು 8 ಮೀಟರ್ ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ ಸುಮಾರು 0.14 ಜೂಲ್. 54 ಮೀಟರ್‌ಗೆ ಒಯ್ಯಲು ಸುಮಾರು 0.95 ಜೂಲ್. ಒಳ್ಳೆಯ ರಬ್ಬರ್ ಒಂದು ಗ್ರಾಂಗೆ ಸುಮಾರು 10 ಜೂಲ್ ಶಕ್ತಿಯನ್ನು ಹಿಡಿದಿಡುತ್ತದೆ ಎಂದುಕೊಂಡರೆ, 0.4 ಗ್ರಾಂ ರಬ್ಬರ್‌ನಲ್ಲಿ ಇರುವುದು ಒಟ್ಟು 4 ಜೂಲ್. ನೂರು ಗ್ರಾಂ ತೂಕದ ಬಾಳೆಹಣ್ಣೊಂದನ್ನು ನಾಲ್ಕು ಮೀಟರ್ ಮೇಲೆತ್ತಿದರೆ ಮುಗಿದುಹೋಗುವಷ್ಟು ಶಕ್ತಿ ಅದು. ಅಂದರೆ ಎತ್ತರದ ಸಭಾಂಗಣದಲ್ಲಿ ಒಟ್ಟು ಶಕ್ತಿಯ ಸುಮಾರು ಕಾಲು ಭಾಗವನ್ನು ಎತ್ತರದ ರೂಪದಲ್ಲಿ ಕೂಡಿಡುವ ಅವಕಾಶವಿದೆ. ತಗ್ಗು ಸಭಾಂಗಣದಲ್ಲಿ ಮೂವತ್ತರಲ್ಲಿ ಒಂದು ಭಾಗದಷ್ಟು ಮಾತ್ರ. ಇದು ಒರಟು ಲೆಕ್ಕ, ಪ್ರೊಪೆಲ್ಲರ್‌ನಲ್ಲಿ ಆಗುವ ನಷ್ಟವನ್ನು ಇದರಲ್ಲಿ ಸೇರಿಸಿಲ್ಲ. ಆದರೆ ಚಾವಣಿ ಎಂಬುದು ಗೋಡೆಯಂತೆ ಸುಮ್ಮನೆ ಇರುವ ವಸ್ತುವಲ್ಲ, ಇಂಧನದ ಟ್ಯಾಂಕಿನ ಒಂದು ಭಾಗದಂತೆ ಕೆಲಸ ಮಾಡುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಕೈಯಿಂದ ಎಸೆಯುವ ಒಳಾಂಗಣ ಗ್ಲೈಡರ್‌ಗಳಲ್ಲಿ ಈ ಸಂಬಂಧ ಇನ್ನೂ ನೇರ. ಅದರಲ್ಲಿ ರಬ್ಬರೂ ಇಲ್ಲ, ಎಂಜಿನ್ನೂ ಇಲ್ಲ. ಮೇಲಕ್ಕೆ ಎಸೆದ ಮೇಲೆ ಇಳಿಯುವುದೊಂದೇ ಕೆಲಸ. ಎರಡು ಪಟ್ಟು ಎತ್ತರದಿಂದ ಇಳಿದರೆ ಹೆಚ್ಚು ಕಡಿಮೆ ಎರಡು ಪಟ್ಟು ಸಮಯ.

ಈಗಿರುವ ವ್ಯವಸ್ಥೆ ಏನು?

ಎಫ್‌ಎಐ ಒಳಾಂಗಣ ದಾಖಲೆಗಳಿಗಾಗಿ ಚಾವಣಿಯನ್ನು ನಾಲ್ಕು ವರ್ಗವಾಗಿ ವಿಂಗಡಿಸಿದೆ.

ಮೊದಲ ವರ್ಗ: 8 ಮೀಟರ್‌ಗಿಂತ ಕಡಿಮೆ.
ಎರಡನೆಯದು: 8ರಿಂದ 15 ಮೀಟರ್.
ಮೂರನೆಯದು: 15ರಿಂದ 30 ಮೀಟರ್.
ನಾಲ್ಕನೆಯದು: 30 ಮೀಟರ್‌ಗಿಂತ ಹೆಚ್ಚು.

ಮೊದಲ ವರ್ಗ ಎಂದರೆ ಸಾಮಾನ್ಯ ಬ್ಯಾಡ್ಮಿಂಟನ್ ಅಂಗಣ, ಶಾಲೆಯ ಸಭಾಂಗಣ. ನಾಲ್ಕನೆಯ ವರ್ಗದ ಕಟ್ಟಡಗಳು ಜಗತ್ತಿನಲ್ಲೇ ವಿರಳ. ರುಮೇನಿಯಾದ ಸ್ಲಾನಿಕ್ ಪ್ರಾಹೋವಾ ಎಂಬಲ್ಲಿರುವ ಹಳೆಯ ಉಪ್ಪಿನ ಗಣಿ ಅವುಗಳಲ್ಲಿ ಪ್ರಸಿದ್ಧ. ನೆಲದಿಂದ 208 ಮೀಟರ್ ಆಳದಲ್ಲಿರುವ ಅಲ್ಲಿನ ಕೋಣೆಗಳ ಎತ್ತರ 54 ಮೀಟರ್. ವಿಜಯಪುರದ ಗೋಳಗುಮ್ಮಟದ ಒಟ್ಟು ಎತ್ತರವೇ ಸುಮಾರು 51 ಮೀಟರ್ ಎಂಬುದನ್ನು ನೆನೆದರೆ ಆ ಗಣಿಯ ಗಾತ್ರ ಅಂದಾಜಾಗುತ್ತದೆ. ವರ್ಷವಿಡೀ ಅಲ್ಲಿ ತಾಪಮಾನ ಸುಮಾರು 12 ಡಿಗ್ರಿ, ಗಾಳಿ ಬಹುತೇಕ ನಿಶ್ಚಲ. ಎಫ್1ಡಿ ವಿಶ್ವ ಚಾಂಪಿಯನ್‌ಶಿಪ್ ಹಲವು ಬಾರಿ ಇಲ್ಲೇ ನಡೆದಿದೆ. ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಲ್ಲಿ ವಾಯುನೌಕೆಗಳಿಗಾಗಿ ಕಟ್ಟಿದ ದೈತ್ಯ ಶೆಡ್‌ಗಳು, ಅಮೆರಿಕದ ನ್ಯೂಜರ್ಸಿಯ ಲೇಕ್‌ಹರ್ಸ್ಟ್ ಹ್ಯಾಂಗರ್, ಕ್ಯಾಲಿಫೋರ್ನಿಯಾದ ಟಸ್ಟಿನ್ ಹ್ಯಾಂಗರ್‌ಗಳು ಈ ಕ್ರೀಡೆಯ ಇತಿಹಾಸದಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು.

ಗುಮ್ಮಟದಂಥ ಚಾವಣಿಗೆ ಎತ್ತರ ಅಳೆಯುವುದು ಹೇಗೆ ಎಂಬ ಸಂದೇಹ ನಿಮಗೆ ಬಂದಿರಬಹುದು. ನಿಯಮ ಅದಕ್ಕೂ ಉತ್ತರ ಕೊಟ್ಟಿದೆ. ಕಟ್ಟಡದ ಮುಖ್ಯ ರಚನೆಯ ಕೆಳಗೆ 15 ಮೀಟರ್ ವ್ಯಾಸದ ವೃತ್ತ ಹಿಡಿಸಬಹುದಾದ ಅತಿ ಎತ್ತರದ ಜಾಗ ಯಾವುದೋ, ನೆಲದಿಂದ ಅಲ್ಲಿಯವರೆಗಿನ ಅಂತರವೇ ಚಾವಣಿಯ ಎತ್ತರ. ಚೂಪಾದ ತುದಿ ಎಷ್ಟು ಮೇಲಿದೆ ಎಂಬುದು ಮುಖ್ಯವಲ್ಲ, ವಿಮಾನ ಸುತ್ತು ಹೊಡೆಯಲು ಜಾಗ ಎಲ್ಲಿಯವರೆಗೆ ಇದೆ ಎಂಬುದು ಮುಖ್ಯ.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಒಂದೇ ದಿನ, ಒಂದೇ ಸಭಾಂಗಣದಲ್ಲಿ ನಡೆಯುವ ಪಂದ್ಯಕ್ಕೆ ಈ ವರ್ಗಗಳ ಅಗತ್ಯವೇ ಇಲ್ಲ. ಎಲ್ಲರ ತಲೆಯ ಮೇಲೂ ಅದೇ ಚಾವಣಿ. ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ವರ್ಷದಲ್ಲಿ ಹಾರಿಸಿದವರನ್ನು ಹೋಲಿಸುವಾಗ ಮಾತ್ರ ವರ್ಗ ಬೇಕಾಗುತ್ತದೆ. ಪದಕಕ್ಕಲ್ಲ, ದಾಖಲೆಗೆ.

ಬೇಡ ಎನ್ನುವವರು ಏನು ಹೇಳುತ್ತಾರೆ?

ಅವರ ವಾದಗಳಲ್ಲಿ ಹುರುಳಿಲ್ಲ ಎನ್ನಲಾಗದು. ಮುಖ್ಯವಾಗಿ ಮೂರು ಆಕ್ಷೇಪಗಳಿವೆ.

ಒಂದು, ಸಂಖ್ಯೆಯ ಸಮಸ್ಯೆ. ಒಳಾಂಗಣದಲ್ಲಿ ವಿಮಾನಗಳ ಬಗೆಯೇ ಹಲವು. ಪ್ರತಿ ಬಗೆಗೂ ನಾಲ್ಕು ಚಾವಣಿ ವರ್ಗ ಎಂದರೆ ದಾಖಲೆಗಳು ನಾಲ್ಕು ಪಟ್ಟಾಗುತ್ತವೆ. ಅದರ ಮೇಲೆ ಕಿರಿಯರು, ಹಿರಿಯರು ಎಂದು ವಯಸ್ಸಿನ ವಿಂಗಡಣೆ ಸೇರಿಸಿದರೆ ಇನ್ನೂ ಹೆಚ್ಚು. ಹತ್ತು ಬಗೆ, ನಾಲ್ಕು ಚಾವಣಿ, ಮೂರು ವಯೋಮಿತಿ ಎಂದರೆ ಸುಮ್ಮನೆ 120 ದಾಖಲೆಗಳು. ಇಷ್ಟು ಸಣ್ಣ ಕ್ರೀಡೆಯಲ್ಲಿ ಎಷ್ಟೋ ಸಾಲುಗಳಲ್ಲಿ ಒಬ್ಬರೇ ಪ್ರಯತ್ನಿಸಿ ಒಬ್ಬರೇ ದಾಖಲೆ ಪಡೆಯುವ ಸ್ಥಿತಿ ಬರಬಹುದು. ಎದುರಾಳಿಯೇ ಇಲ್ಲದ ದಾಖಲೆಗೆ ಏನು ಬೆಲೆ?

ಎರಡು, ಗಡಿಯ ಸಮಸ್ಯೆ. 14.9 ಮೀಟರ್ ಚಾವಣಿ ಎರಡನೆಯ ವರ್ಗ, 15.1 ಮೀಟರ್ ಮೂರನೆಯದು. ಹಾರಾಟದಲ್ಲಿ ಇವೆರಡರ ನಡುವೆ ವ್ಯತ್ಯಾಸವೇ ಇಲ್ಲ. ಆದರೆ 15.1 ಮೀಟರ್ ಸಭಾಂಗಣದವರು 29 ಮೀಟರ್‌ನವರ ಜೊತೆ ಪೈಪೋಟಿ ಮಾಡಬೇಕು. ವರ್ಗಗಳು ಅನ್ಯಾಯವನ್ನು ಅಳಿಸುವುದಿಲ್ಲ, ಗಡಿಯ ಹತ್ತಿರಕ್ಕೆ ತಳ್ಳುತ್ತವೆ ಅಷ್ಟೆ.

ಮೂರು, “ಎಲ್ಲರಿಗೂ ಬಹುಮಾನ” ಎಂಬ ಟೀಕೆ. ಉತ್ತಮರು ಎತ್ತರದ ಸಭಾಂಗಣ ಹುಡುಕಿಕೊಂಡು ಹೋಗುತ್ತಾರೆ, ಪರ್ವತಾರೋಹಿ ಪರ್ವತದ ಬಳಿಗೆ ಹೋಗುವುದಿಲ್ಲವೇ? ಕಟ್ಟಡವೂ ಸವಾಲಿನ ಒಂದು ಭಾಗ ಎನ್ನುತ್ತದೆ ಈ ವಾದ.

ಬೇಕು ಎನ್ನುವವರ ಉತ್ತರ

ಮೂರನೆಯ ಆಕ್ಷೇಪದಿಂದಲೇ ಶುರು ಮಾಡೋಣ, ಏಕೆಂದರೆ ನಿಜವಾದ ವಿಷಯ ಅಲ್ಲಿದೆ. ಪರ್ವತ ಎಲ್ಲರಿಗೂ ತೆರೆದಿರುತ್ತದೆ. ವಾಯುನೌಕೆಯ ಹ್ಯಾಂಗರ್ ಹಾಗಲ್ಲ. ಅವು ಸೈನ್ಯದ, ಕಂಪನಿಗಳ, ಸರ್ಕಾರದ ಆಸ್ತಿ. ವಾಯುನೌಕೆಗಳ ಕಾಲ ಮುಗಿದ ಮೇಲೆ ಅಂಥ ಕಟ್ಟಡಗಳನ್ನು ಯಾರೂ ಹೊಸದಾಗಿ ಸಾಲಾಗಿ ಕಟ್ಟುತ್ತಿಲ್ಲ. ಇರುವವೂ ಕೈ ಬದಲಾಗುತ್ತಿವೆ. ಕಾರ್ಡಿಂಗ್ಟನ್‌ನ ಶೆಡ್ ಒಂದರಲ್ಲಿ ಈಗ ಸಿನಿಮಾ ಚಿತ್ರೀಕರಣ ನಡೆಯುತ್ತದೆ. ಟಸ್ಟಿನ್‌ನ ಎರಡು ಮರದ ಹ್ಯಾಂಗರ್‌ಗಳಲ್ಲಿ ಉತ್ತರದ್ದು 2023ರ ನವೆಂಬರ್‌ನಲ್ಲಿ ಬೆಂಕಿಗೆ ಆಹುತಿಯಾಯಿತು.

ದಾಖಲೆ ಒಂದೇ ಇದ್ದರೆ, ಅದು ಯಾವಾಗಲೂ ಇಂಥ ಬೆರಳೆಣಿಕೆಯ ಕಟ್ಟಡಗಳಲ್ಲಿ ಒಂದಕ್ಕೆ ಸೇರಿರುತ್ತದೆ. ಆ ಕಟ್ಟಡ ಹೋದರೆ ದಾಖಲೆ ಮುರಿಯುವ ದಾರಿಯೂ ಹೋಗುತ್ತದೆ. ಶಾಲೆಯ ವ್ಯಾಯಾಮ ಶಾಲೆಯಲ್ಲಿ ವಿಮಾನ ಹಾರಿಸುವ ಹದಿನಾರರ ಹುಡುಗಿಗೆ ಆ ಪಟ್ಟಿಯಲ್ಲಿ ಸ್ಥಾನವೇ ಇರುವುದಿಲ್ಲ. ಅವಳ ಕೌಶಲ ಕಡಿಮೆ ಎಂಬ ಕಾರಣಕ್ಕಲ್ಲ, ಅವಳ ಊರಿನಲ್ಲಿ ಉಪ್ಪಿನ ಗಣಿ ಇಲ್ಲ ಎಂಬ ಕಾರಣಕ್ಕೆ. ಅಮೆರಿಕದ ಶಾಲೆಗಳ ವಿಜ್ಞಾನ ಒಲಿಂಪಿಯಾಡ್‌ನಲ್ಲಿ ರಬ್ಬರ್ ವಿಮಾನ ಹಾರಿಸುವ ಸ್ಪರ್ಧೆ ಇದೆ. ಅಂಥ ಮಕ್ಕಳು ಮುಂದೆ ಈ ಕ್ರೀಡೆಗೆ ಬರಬೇಕಾದರೆ, ತಮಗೆ ಸಿಗುವ ಜಾಗದಲ್ಲಿ ಗುರಿಯೊಂದು ಕಾಣಬೇಕಲ್ಲವೇ?

ಇನ್ನೊಂದು ಮಾತು: ತಗ್ಗು ಚಾವಣಿ ಸುಲಭ ವರ್ಗವಲ್ಲ, ಬೇರೆ ಬಗೆಯ ಸವಾಲು. ಅಲ್ಲಿ ಎಷ್ಟು ಸುತ್ತು ಬಿಚ್ಚಬೇಕು, ರಬ್ಬರ್ ಪಟ್ಟಿ ಎಷ್ಟು ತೆಳುವಾಗಿ, ಎಷ್ಟು ಉದ್ದವಾಗಿರಬೇಕು, ಮೊದಲ ಜೋರನ್ನು ತಡೆದುಕೊಳ್ಳಲು ಪ್ರೊಪೆಲ್ಲರ್‌ನ ಅಲಗು ತಾನಾಗಿಯೇ ಕೋನ ಬದಲಿಸುವಂತೆ ಹೇಗೆ ಮಾಡಬೇಕು ಎಂಬ ಲೆಕ್ಕಗಳು ನಾಜೂಕು. ಎರಡು ಸುತ್ತು ಹೆಚ್ಚಾದರೆ ವಿಮಾನ ತೊಲೆಯಲ್ಲಿ, ಹತ್ತು ಸುತ್ತು ಕಡಿಮೆಯಾದರೆ ಸಮಯ ನಷ್ಟ ಎಂಬಂಥ ಸ್ಥಿತಿ. ಎರಡೂ ಕಡೆ ಹಾರಿಸಿದವರಿಗೆ ಅವು ಎರಡು ಬೇರೆ ಆಟಗಳಂತೆಯೇ ಕಾಣುತ್ತವೆ.

ಬೇರೆ ಕ್ರೀಡೆಗಳು ಏನು ಮಾಡಿವೆ?

ಈ ಗೊಂದಲ ವಿಮಾನದವರಿಗೆ ಮಾತ್ರ ಇಲ್ಲ. ಈಜುಕೊಳಗಳಲ್ಲಿ 50 ಮೀಟರ್ ಉದ್ದದವೂ ಇವೆ, 25 ಮೀಟರ್‌ನವೂ ಇವೆ. ಚಿಕ್ಕ ಕೊಳದಲ್ಲಿ ಹೆಚ್ಚು ಬಾರಿ ತಿರುಗಬೇಕು. ಪ್ರತಿ ತಿರುವಿನಲ್ಲೂ ಗೋಡೆಯನ್ನು ಒದ್ದು ಮುನ್ನುಗ್ಗುವುದರಿಂದ ಸಮಯ ಕಡಿಮೆಯಾಗುತ್ತದೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ವಿಶ್ವದಾಖಲೆ. ಇದರಿಂದ ಈಜಿನ ಬೆಲೆ ಕಡಿಮೆಯಾಯಿತು ಎಂದು ಯಾರೂ ಹೇಳುವುದಿಲ್ಲ.

ತದ್ವಿರುದ್ಧ ಉದಾಹರಣೆಯೂ ಇದೆ. ಪೋಲ್ ವಾಲ್ಟ್‌ನಲ್ಲಿ ಹಿಂದೆ ಒಳಾಂಗಣ ಮತ್ತು ಹೊರಾಂಗಣ ದಾಖಲೆಗಳನ್ನು ಪ್ರತ್ಯೇಕವಾಗಿ ನೋಡಲಾಗುತ್ತಿತ್ತು. 2000ದಿಂದ, ಚಾವಣಿ ಇದ್ದರೂ ಇಲ್ಲದಿದ್ದರೂ ವಿಶ್ವದಾಖಲೆ ಸಾಧ್ಯ ಎಂದು ಅಥ್ಲೆಟಿಕ್ಸ್ ಒಕ್ಕೂಟ ನಿಯಮ ಬದಲಿಸಿತು. ಸೆರ್ಗೈ ಬುಬ್ಕಾ 1994ರಲ್ಲಿ ಹೊರಾಂಗಣದಲ್ಲಿ 6.14 ಮೀಟರ್ ಜಿಗಿದಿದ್ದರು. 2014ರಲ್ಲಿ ರೆನೋ ಲಾವಿಲೆನಿ ಡೊನೆಟ್ಸ್ಕ್‌ನ ಒಳಾಂಗಣದಲ್ಲಿ 6.16 ಮೀಟರ್ ಜಿಗಿದಾಗ ಅದೇ ವಿಶ್ವದಾಖಲೆಯಾಯಿತು. ಯಾಕೆ ಇಲ್ಲಿ ವಿಲೀನ ಸರಿ ಎನಿಸಿತು? ಜಿಗಿಯುವವರಿಗೆ ಚಾವಣಿ ಅಡ್ಡವೂ ಅಲ್ಲ, ಆಸರೆಯೂ ಅಲ್ಲ. ಆರು ಮೀಟರ್ ಜಿಗಿಯುವವರಿಗೆ ಇಪ್ಪತ್ತು ಮೀಟರ್ ಮೇಲಿನ ಸೂರು ಇದ್ದರೇನು, ಬಿಟ್ಟರೇನು?

ಇನ್ನೂ ಒಂದು ನಡುದಾರಿ ಇದೆ. ನೂರು ಮೀಟರ್ ಓಟದಲ್ಲಿ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ಆ ಸಮಯ ದಾಖಲೆಗೆ ಪರಿಗಣನೆಯಾಗುವುದಿಲ್ಲ. ಆದರೆ ಎತ್ತರದ ಊರಿನ ತೆಳು ಗಾಳಿಗೆ ಅಂಥ ತಡೆಯಿಲ್ಲ. 1968ರಲ್ಲಿ ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದದ್ದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಮೆಕ್ಸಿಕೋ ನಗರದಲ್ಲಿ. ಅದು ಯಾವ ಷರತ್ತೂ ಇಲ್ಲದೆ ವಿಶ್ವದಾಖಲೆಯಾಗಿ, 1991ರಲ್ಲಿ ಮೈಕ್ ಪೊವೆಲ್ ಟೋಕಿಯೋದಲ್ಲಿ 8.95 ಮೀಟರ್ ಜಿಗಿಯುವವರೆಗೂ ಉಳಿಯಿತು.

ಡಕ್‌ವರ್ತ್–ಲೂಯಿಸ್ ತರಹದ ಸೂತ್ರ ಸಾಕಲ್ಲವೇ?

ಕ್ರಿಕೆಟ್ ನೋಡುವವರಿಗೆ ಈ ಪ್ರಶ್ನೆ ಬರುವುದು ಸಹಜ. ಮಳೆ ಬಂದಾಗ ಗುರಿಯನ್ನು ಸೂತ್ರದಿಂದ ಬದಲಿಸುವಂತೆ, ಚಾವಣಿಯ ಎತ್ತರಕ್ಕೂ ಒಂದು ಸೂತ್ರ ಹಾಕಿ ಎಲ್ಲ ಸಮಯಗಳನ್ನೂ ಒಂದೇ ಪಟ್ಟಿಗೆ ತಂದರೆ ನಾಲ್ಕು ವರ್ಗಗಳ ಗೊಡವೆಯೇ ಇರುವುದಿಲ್ಲ. ಗಡಿಯ ಸಮಸ್ಯೆಯೂ ಮಾಯವಾಗುತ್ತದೆ.

ಅಭ್ಯಾಸದ ಹೋಲಿಕೆಗೆ ಇದು ಒಳ್ಳೆಯ ಉಪಾಯ. ಆದರೆ ದಾಖಲೆಗೆ ಅಲ್ಲ. ಮೊದಲನೆಯದಾಗಿ, ಸೂತ್ರ ಎಲ್ಲ ವಿಮಾನಗಳಿಗೂ ಒಂದೇ ಆಗಿರಲು ಸಾಧ್ಯವಿಲ್ಲ. ಗ್ಲೈಡರ್‌ನ ಸಮಯ ಎತ್ತರದೊಂದಿಗೆ ನೇರವಾಗಿ ಬೆಳೆದರೆ, ರಬ್ಬರ್ ವಿಮಾನದ್ದು ಅಷ್ಟು ವೇಗವಾಗಿ ಬೆಳೆಯುವುದಿಲ್ಲ. ರಬ್ಬರ್‌ನ ಮಿತಿ ಬದಲಾದರೆ ಸೂತ್ರವೂ ಬದಲಾಗಬೇಕು. ಎರಡನೆಯದಾಗಿ, ಸೂತ್ರ ಬಂದ ಕೂಡಲೇ ದಾಖಲೆ ಎಂಬುದು ನಿಜವಾಗಿ ನಡೆದ ಘಟನೆಯಾಗಿ ಉಳಿಯದೆ ಲೆಕ್ಕದ ಫಲವಾಗುತ್ತದೆ. ಕ್ರಿಕೆಟ್ ಕೂಡ ಈ ಗೆರೆಯನ್ನು ದಾಟಿಲ್ಲ. ಮಳೆಯ ಪಂದ್ಯದ ಫಲಿತಾಂಶವನ್ನು ಸೂತ್ರ ನಿರ್ಧರಿಸುತ್ತದೆ, ಆದರೆ ಬ್ಯಾಟರ್ 80 ಹೊಡೆದಿದ್ದರೆ ಅದನ್ನು ಯಾರೂ 112 ಎಂದು ಬರೆದುಕೊಳ್ಳುವುದಿಲ್ಲ. ಗಡಿಯಾರದಲ್ಲಿ ಕಂಡ ಸಮಯ ಪುಸ್ತಕದಲ್ಲಿಯೂ ಹಾಗೆಯೇ ಇರಬೇಕು.

ಹಾಗಾದರೆ ತಾಪಮಾನಕ್ಕೂ, ಊರಿನ ಎತ್ತರಕ್ಕೂ ವರ್ಗ ಮಾಡಬೇಕೇ?

ಇದು ನ್ಯಾಯವಾದ ಪ್ರಶ್ನೆ. ಗಾಳಿ ತೆಳುವಾದರೆ ವಿಮಾನ ತೇಲಲು ಸ್ವಲ್ಪ ಹೆಚ್ಚು ವೇಗ ಬೇಕು, ಹೆಚ್ಚು ಶಕ್ತಿ ಖರ್ಚಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಶೇಕಡಾ 8ರ ಆಸುಪಾಸು ಕಡಿಮೆ. ಅದರಿಂದ ಹಾರಾಟದ ಹೊತ್ತಿನಲ್ಲಿ ಶೇಕಡಾ 4ರಷ್ಟು ವ್ಯತ್ಯಾಸವಾಗಬಹುದು ಎಂಬುದು ನಮ್ಮ ಅಂದಾಜು ಲೆಕ್ಕ. ತಾಪಮಾನದಿಂದಲೂ ಇಂಥದೇ ಸಣ್ಣ ವ್ಯತ್ಯಾಸ ಬರುತ್ತದೆ.

ಎಲ್ಲದಕ್ಕೂ ಒಂದೊಂದು ವರ್ಗ ಮಾಡುತ್ತಾ ಹೋದರೆ ಮೊದಲ ಆಕ್ಷೇಪ ನಿಜವಾಗಿಬಿಡುತ್ತದೆ. ಹಾಗಾಗಿ ಒಂದು ಪರಿಸ್ಥಿತಿಗೆ ಪ್ರತ್ಯೇಕ ವರ್ಗ ಬೇಕೇ ಎಂದು ನಿರ್ಧರಿಸಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು.

ಅದು ಫಲಿತಾಂಶವನ್ನು ಕೌಶಲಕ್ಕಿಂತ ಹೆಚ್ಚು ಬದಲಿಸುತ್ತದೆಯೇ?
ಅದು ಸ್ಪರ್ಧಿಯ ಕೈಯಲ್ಲಿ ಇಲ್ಲದ ಸಂಗತಿಯೇ?
ಅದನ್ನು ಜಗಳವಿಲ್ಲದಂತೆ ಒಮ್ಮೆ ಅಳೆದು ಮುಗಿಸಬಹುದೇ?

ಚಾವಣಿಯ ಎತ್ತರ ಮೂರಕ್ಕೂ “ಹೌದು” ಎನ್ನುತ್ತದೆ. ವ್ಯತ್ಯಾಸ ದೊಡ್ಡದು, ಕಟ್ಟಡವನ್ನು ಸ್ಪರ್ಧಿ ಎತ್ತರಿಸಲಾಗದು, ಒಂದು ಅಳತೆಪಟ್ಟಿ ಸಾಕು. ಊರಿನ ಎತ್ತರ ಎರಡನೆಯ, ಮೂರನೆಯ ಪ್ರಶ್ನೆಯಲ್ಲಿ ಪಾಸಾದರೂ ಮೊದಲನೆಯದರಲ್ಲಿ ಸೋಲುತ್ತದೆ. ಒಬ್ಬ ನುರಿತ ಹಾರಾಟಗಾರ ಒಳ್ಳೆಯ ರಬ್ಬರ್ ಆರಿಸಿಕೊಂಡೇ ಶೇಕಡಾ 4ನ್ನು ತುಂಬಿಕೊಳ್ಳಬಹುದು. ಸಭಾಂಗಣದೊಳಗಿನ ಗಾಳಿಯ ಸುಳಿ ಮೊದಲ ಎರಡರಲ್ಲಿ ಪಾಸಾದರೂ ಮೂರನೆಯದರಲ್ಲಿ ಸೋಲುತ್ತದೆ. ಅದು ನಿಮಿಷ ನಿಮಿಷಕ್ಕೂ, ಮೂಲೆ ಮೂಲೆಗೂ ಬೇರೆ. ವಿಮಾನದ ವಿನ್ಯಾಸವಂತೂ ಪೂರ್ತಿ ಸ್ಪರ್ಧಿಯದೇ ಕೆಲಸ, ಅದಕ್ಕೆ ರಿಯಾಯಿತಿ ಬೇಕಿಲ್ಲ.

ಗಡಿಯ ಸಮಸ್ಯೆ ಮಾತ್ರ ಉಳಿಯುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಬಾಕ್ಸಿಂಗ್‌ನ ತೂಕದ ವರ್ಗಗಳಲ್ಲೂ ಅದೇ ಸಮಸ್ಯೆ ಇದೆ. ಅದಕ್ಕಾಗಿ ಎಲ್ಲರನ್ನೂ ಒಂದೇ ರಿಂಗ್‌ಗೆ ಇಳಿಸುವುದು ಪರಿಹಾರವಲ್ಲ.

ನಿಯಮ ಬದಲಾದರೆ ಹಳೆಯ ದಾಖಲೆ ಏನಾಗುತ್ತದೆ?

ಈ ಚರ್ಚೆಯ ಇನ್ನೊಂದು ಮಗ್ಗುಲು ಇದು. ಒಂದು ಕಾಲದಲ್ಲಿ ಎಫ್1ಡಿ ವಿಮಾನದ ರೆಕ್ಕೆ 65 ಸೆಂಟಿಮೀಟರ್ ಇರಬಹುದಿತ್ತು, ತೂಕ ಒಂದು ಗ್ರಾಂ ಇದ್ದರೆ ಸಾಕಿತ್ತು, ರಬ್ಬರ್‌ಗೆ ಈಗಿನಂತೆ ಮಿತಿ ಇರಲಿಲ್ಲ. ಆಗಿನ ದೊಡ್ಡ ವಿಮಾನಗಳು ಎತ್ತರದ ಹ್ಯಾಂಗರ್‌ಗಳಲ್ಲಿ ಒಂದು ಗಂಟೆಯ ಗಡಿಯನ್ನೂ ದಾಟಿದ್ದವು. ಆಮೇಲೆ ರೆಕ್ಕೆ ಚಿಕ್ಕದಾಯಿತು, ತೂಕ ಹೆಚ್ಚಾಯಿತು, ರಬ್ಬರ್ ಮೊದಲು 0.6 ಗ್ರಾಂಗೆ, ನಂತರ 0.4 ಗ್ರಾಂಗೆ ಇಳಿಯಿತು. ಸಹಜವಾಗಿಯೇ ಸಮಯವೂ ಕಡಿಮೆಯಾಯಿತು. ಇಂದಿನವರು ಕೌಶಲದಲ್ಲಿ ಹಿಂದೆ ಬಿದ್ದಿದ್ದಾರೆ ಎಂದು ಇದರ ಅರ್ಥವಲ್ಲ. ಕಡಿಮೆ ಇಂಧನ ಕೊಟ್ಟು ಓಡಿಸಲು ಹೇಳಿದ್ದಾರೆ ಅಷ್ಟೆ.

ನೀರಜ್ ಚೋಪ್ರಾ ಅವರಿಂದಾಗಿ ಈಗ ನಮಗೆಲ್ಲ ಪರಿಚಿತವಾಗಿರುವ ಜಾವೆಲಿನ್‌ನಲ್ಲೂ ಹೀಗೇ ಆಗಿತ್ತು. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದರು. 1986ರಲ್ಲಿ ಪುರುಷರ ಜಾವೆಲಿನ್‌ನ ಗುರುತ್ವ ಕೇಂದ್ರವನ್ನು ಮುಂದಕ್ಕೆ ತಂದು ಅದು ಅಷ್ಟು ದೂರ ಹೋಗದಂತೆ ಮಾಡಲಾಯಿತು, ದಾಖಲೆಗಳ ಪಟ್ಟಿಯನ್ನು ಹೊಸದಾಗಿ ಶುರು ಮಾಡಲಾಯಿತು. ಇಂದಿನ ವಿಶ್ವದಾಖಲೆ ಯಾನ್ ಝೆಲೆಜ್ನಿ 1996ರಲ್ಲಿ ಎಸೆದ 98.48 ಮೀಟರ್. ನೀರಜ್ 2025ರಲ್ಲಿ ದೋಹಾದಲ್ಲಿ 90.23 ಮೀಟರ್ ಎಸೆದಾಗ ಅದನ್ನು ಯಾರೂ ಹೋನ್ ಅವರ 104ಕ್ಕೆ ಹೋಲಿಸಿ ಕಡಿಮೆ ಎನ್ನಲಿಲ್ಲ. ಕೈಯಲ್ಲಿದ್ದ ವಸ್ತುವೇ ಬೇರೆ ಎಂದು ಎಲ್ಲರಿಗೂ ಗೊತ್ತಿತ್ತು.

ಕೊನೆಯ ಮಾತು

“ದಾಖಲೆ ಅಂದರೆ ದಾಖಲೆ” ಎಂಬ ಮಾತು ಅರ್ಧ ಮಾತ್ರ ನಿಜ. ದಾಖಲೆ ಎಂದರೆ ಒಂದು ಸಂಖ್ಯೆ ಮತ್ತು ಆ ಸಂಖ್ಯೆ ಹುಟ್ಟಿದ ಪರಿಸ್ಥಿತಿ, ಎರಡೂ ಸೇರಿ. ಪರಿಸ್ಥಿತಿಯನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಇಟ್ಟುಕೊಂಡರೆ ನಾವು ಹೊಗಳುತ್ತಿರುವುದು ಮನುಷ್ಯನನ್ನೋ ಕಟ್ಟಡವನ್ನೋ ಎಂಬುದು ಗೊತ್ತಾಗುವುದಿಲ್ಲ. ಒಳಾಂಗಣ ವಿಮಾನಗಳಿಗೆ ಚಾವಣಿ ವರ್ಗಗಳು ಬೇಕು ಎಂಬುದು ನಮಗೆ ಸರಿ ಎನಿಸುತ್ತದೆ. ಆದರೆ ನಾಲ್ಕು ಸಾಕು, ನಲವತ್ತು ಬೇಡ.

ಮುಂದಿನ ಸಲ ಯಾವುದೇ ಕ್ಷೇತ್ರದಲ್ಲಿ “ಹೊಸ ದಾಖಲೆ” ಎಂಬ ಸುದ್ದಿ ಕಂಡರೆ, ಅದು ಓಟವಿರಲಿ, ಪರೀಕ್ಷೆಯ ರ್‍ಯಾಂಕ್ ಇರಲಿ, ಬೆಳೆಯ ಇಳುವರಿ ಇರಲಿ, ಮೇಲಿನ ಮೂರು ಪ್ರಶ್ನೆಗಳನ್ನು ಅದಕ್ಕೂ ಹಾಕಿ ನೋಡಿ. ಅವರ ತಲೆಯ ಮೇಲಿದ್ದ ಚಾವಣಿ ಎಷ್ಟು ಎತ್ತರದ್ದು ಎಂದು ಮೊದಲು ಕೇಳಿ.